ಕೇಳಲು ನಾಚುವ ಪ್ರಶ್ನೆ

ಮಲವಿಸರ್ಜನೆಯ ಮಾತೆತ್ತುವುದು ಅಸಭ್ಯವೆಂದು ನಾವೆಲ್ಲರೂ ಭಾವಿಸುತ್ತೇವೆ. ಈ ನಾಚಿಕೆಯಿಂದ ಆರೋಗ್ಯವಂತರಿಗೆ ಹೆಚ್ಚಿನ ಕೇಡಿಲ್ಲ. ಆದರೆ ತನ್ನ ನೋವನ್ನು ತಾನೇ ಹೇಳಿಕೊಳ್ಳಲಾರದ ಮನೋರೋಗಿಯ ವಿಷಯದಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಸ್ಕಿಜೋಫ್ರೀನಿಯವೆಂಬ ಚಿತ್ತವಿಕಾರಕ್ಕೆ ಬೇರೆ ಮದ್ದುಗಳು ನಾಟದಿದ್ದಾಗ ವೈದ್ಯರು ಕ್ಲೋಜಪೀನನ್ನು ಕೊಡುತ್ತಾರೆ. ಎಷ್ಟೋ ಮನೆಗಳಿಗೆ ನೆಮ್ಮದಿಯನ್ನು ಮರಳಿ ತಂದ ಔಷಧವಿದು. 1975ರಲ್ಲಿ ಫಿನ್‌ಲೆಂಡಿನಲ್ಲಿ ಇದನ್ನು ಸೇವಿಸಿದ ಕೆಲವರು ಬಿಳಿಯ ರಕ್ತಕಣಗಳು ಕ್ಷೀಣಿಸಿ ಮೃತರಾದರು. ಆ ಕಹಿ ಅನುಭವದ ಫಲವಾಗಿ ರೋಗಿಯ ರಕ್ತವನ್ನು ಆಗಾಗ ಪರೀಕ್ಷಿಸುವ ಪದ್ಧತಿ ಬೆಳೆದು ಬಂದಿತು. ಅದು ಯುಕ್ತವೇ. ಆದರೆ ಅದೇ ಔಷಧವು ಕರುಳಿಗೆ ಬರುವ ನರಗಳ ಪ್ರೇರಣೆಯನ್ನು ತಡೆದು ಅದರ ಚಲನೆಯನ್ನು ಕುಗ್ಗಿಸುತ್ತದೆಂಬ ಸಂಗತಿಗೆ ಅಷ್ಟು ಗಮನ ದೊರೆತಿಲ್ಲ.

ನ್ಯೂಜಿಲೆಂಡಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಳತೆಯನ್ನು ನೋಡಿ. ಕ್ಷ-ಕಿರಣದಲ್ಲಿ ಕಾಣುವ ಸಣ್ಣ ಗುರುತುಗಳನ್ನು ರೋಗಿಗಳಿಗೆ ನುಂಗಿಸಿ, ಅವು ದೊಡ್ಡ ಕರುಳನ್ನು ದಾಟುವ ಕಾಲವನ್ನು ಅವರು ಲೆಕ್ಕಹಾಕಿದರು. ಇತರ ಮನೋರೋಗೌಷಧಗಳನ್ನು ಸೇವಿಸುವವರಲ್ಲಿ ಇದು ಸುಮಾರು 23 ಗಂಟೆ. ಕ್ಲೋಜಪೀನ್ ಸೇವಿಸುವವರಲ್ಲಿ ಸುಮಾರು 104 ಗಂಟೆ! ಹೀಗೆ ನಿಂತ ಮಲ ಗಟ್ಟಿಯಾಗಿ, ಕರುಳು ಉಬ್ಬಿ, ಅದರ ಗೋಡೆಗೆ ರಕ್ತ ಸಾಲದೆ ಕೊಳೆಯಬಹುದು, ಒಡೆಯಲೂಬಹುದು. ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು 2020ರ ಜನವರಿಯಲ್ಲಿ ಈ ಬಗೆಗಿನ ಎಚ್ಚರಿಕೆಯನ್ನು ಮತ್ತಷ್ಟು ಬಲಪಡಿಸಿದರು.

ರೋಗಿ ದೂರುತ್ತಿಲ್ಲವೆಂದು ಸುಮ್ಮನಿರುವುದು ಸಲ್ಲದು. ಊಟ ಬಿಡುವುದು, ಹೊಟ್ಟೆ ಹಿಡಿದುಕೊಳ್ಳುವುದು, ಚಡಪಡಿಸುವುದು—ಇವೇ ಅವನ ದೂರುಗಳು. ನಾವೋ ಅದನ್ನೆಲ್ಲ ಹುಚ್ಚಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಮಾತು ಬಾರದ, ಬುದ್ಧಿ ಬೆಳೆಯದ ಮಕ್ಕಳ ಪಾಡೂ ಇದೇ.

ಪರಿಹಾರ ದುಬಾರಿಯದಲ್ಲ. ನ್ಯೂಜಿಲೆಂಡಿನ ಪೊರಿರುವಾದಲ್ಲಿ ರೂಪುಗೊಂಡ ಕ್ರಮದಂತೆ ಡಾಕ್ಯುಸೇಟ್ ಮತ್ತು ಸೆನ್ನಾದಂಥ ವಿರೇಚಕಗಳನ್ನು ಕೊಡಲಾಗಿ, 110 ಗಂಟೆಗಳಷ್ಟಿದ್ದ ಆ ಕಾಲ 62ಕ್ಕೆ ಇಳಿಯಿತೆಂದು 2017ರಲ್ಲಿ ವರದಿಯಾಯಿತು. ನಮ್ಮ ಮನೆಗಳಲ್ಲಿ ಕೈಗೆ ಸಿಗುವ ಇಸಬ್‌ಗೋಲಾದರೋ ಮಲದ ಗಾತ್ರವನ್ನು ಹೆಚ್ಚಿಸುವಂಥದು. ಚಲನೆಯೇ ಕುಂದಿದ ಕರುಳಿಗೆ ಅದು ಹೊರೆಯಾಗಬಹುದು. ಆದುದರಿಂದ ವೈದ್ಯರನ್ನು ಕೇಳದೆ ಅದನ್ನು ಕೊಡಬಾರದು. ಹಾಗೆಯೇ ಭಯಪಟ್ಟು ಕ್ಲೋಜಪೀನನ್ನು ತಾವಾಗಿ ನಿಲ್ಲಿಸಲೂಬಾರದು.

ಈ ಔಷಧವನ್ನು ಬರೆಯುವ ದಿನವೇ ಕರುಳಿನ ರಕ್ಷಣೆಯ ಏರ್ಪಾಡೂ ಆಗಬೇಕು. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ, ಜ್ವರದ ಪಟ್ಟಿಯಂತೆ ಮಲವಿಸರ್ಜನೆಯ ಪಟ್ಟಿಯನ್ನೂ ದಿನದಿನವೂ ಬರೆದಿಡಬೇಕು. ಹೊಟ್ಟೆನೋವು, ಉಬ್ಬರ, ವಾಂತಿಗಳು ಕಂಡೊಡನೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರೋಗಿಯ ರಕ್ತವನ್ನು ಇಷ್ಟೊಂದು ಶ್ರದ್ಧೆಯಿಂದ ಎಣಿಸುವ ನಾವು, “ಇಂದು ಹೊಟ್ಟೆ ಸಲೀಸಾಯಿತೇ?” ಎಂದು ಕೇಳಲು ನಾಚಬೇಕೆ?