ನಾಲೆಯ ಲೆಕ್ಕ ಬಲ್ಲ ರಾಜಕಾರಣಿ

ಎಚ್.ಡಿ. ದೇವೇಗೌಡರು ಹುಟ್ಟಿದ್ದು 1933ರ ಮೇ 18ರಂದು, ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. ತಂದೆ ದೊಡ್ಡೇಗೌಡರದು ಭತ್ತದ ಬೇಸಾಯ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದ ಮಗ ಬೇಸಾಯದ ಜೊತೆಗೆ ಕಾಮಗಾರಿಗಳ ಗುತ್ತಿಗೆಗೂ ಇಳಿದರು. ಅಂದಾಜುಪಟ್ಟಿ ಎಲ್ಲಿ ಕೂಡುವುದಿಲ್ಲ, ಅಳತೆ ಪುಸ್ತಕದಲ್ಲಿ ಬರೆದದ್ದಕ್ಕೂ ನೆಲದ ಮೇಲಿನ ಕೆಲಸಕ್ಕೂ ಎಷ್ಟು ಅಂತರ, ಬಿಲ್ಲು ಯಾವ ಮೇಜಿನ ಮೇಲೆ ತಡೆಯುತ್ತದೆ ಎಂಬುದೆಲ್ಲ ಗುತ್ತಿಗೆದಾರನಿಗೆ ಅನುಭವದಿಂದಲೇ ತಿಳಿಯುತ್ತದೆ. ಮುಂದೆ ಸದನದಲ್ಲಿ ಅವರ ಮಾತಿಗೆ ತೂಕ ತಂದದ್ದು ಈ ತಿಳಿವಳಿಕೆಯೇ.

1953ರಲ್ಲಿ ಕಾಂಗ್ರೆಸ್ ಸೇರಿದ ಅವರು ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು; ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರೂ ಆದರು. 1962ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದು ವಿಧಾನಸಭೆಗೆ ಬಂದರು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಕಾಂಗ್ರೆಸ್ ಒಡೆದು ಆದ ಸಂಸ್ಥಾ ಕಾಂಗ್ರೆಸ್ಸಿನಿಂದ ವಿರೋಧ ಪಕ್ಷದ ನಾಯಕರಾದರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯನ್ನೂ ಕಂಡರು.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂದಾಗ ಲೋಕೋಪಯೋಗಿ ಮತ್ತು ನೀರಾವರಿ ಖಾತೆಗಳು ದೇವೇಗೌಡರ ಪಾಲಿಗೆ ಬಂದವು. ಅವರ ಬದುಕಿನಲ್ಲಿ ಹೆಚ್ಚು ಗಮನಿಸಬೇಕಾದ ಕಾಲ ಇದೇ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ನದಿಯಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ನೀರು ಹಂಚಿತ್ತು. 2000ದ ಮೇ 31ರ ನಂತರ ಆ ಹಂಚಿಕೆಯನ್ನು ಪುನರ್ವಿಮರ್ಶಿಸಲು ಅವಕಾಶವಿತ್ತು. ಅಷ್ಟರೊಳಗೆ ನೀರನ್ನು ಬಳಸಿ ತೋರಿಸದಿದ್ದರೆ ಅದರ ಮೇಲಿನ ಹಕ್ಕು ಸಡಿಲವಾಗುವ ಭಯ ರಾಜ್ಯಕ್ಕಿತ್ತು. ಆ ನದಿಯ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲೇ ಶಂಕುಸ್ಥಾಪನೆಯಾಗಿದ್ದರೂ ಕೆಲಸ ಕುಂಟುತ್ತಿತ್ತು. ಅಣೆಕಟ್ಟೆ ಎದ್ದರಷ್ಟೇ ಸಾಲದು: ಮುಖ್ಯ ನಾಲೆ, ವಿತರಣಾ ನಾಲೆ, ಹೊಲಗಾಲುವೆ ಎಲ್ಲವೂ ಆದ ಮೇಲೇ ಕೊನೆಯ ಭಾಗದ ರೈತನ ಗದ್ದೆಗೆ ನೀರು ಮುಟ್ಟುವುದು. ಒಂದು ವರ್ಷ ಹಣ ನಿಂತರೆ ಅರ್ಧ ತೋಡಿದ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಅಂದಾಜು ವೆಚ್ಚ ಮತ್ತೆ ಏರುತ್ತದೆ. 1987ರಲ್ಲಿ ನೀರಾವರಿಗೆ ಸಾಕಷ್ಟು ಹಣ ಒದಗಿಸಲಿಲ್ಲವೆಂದು ಪ್ರತಿಭಟಿಸಿ ಅವರು ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹೆಗಡೆಯವರೊಡನೆ ಮನಸ್ತಾಪವೂ ಇತ್ತು, ನಿಜ. ಆದರೂ ಬಜೆಟ್ಟಿನ ಒಂದು ಬಾಬ್ತಿಗಾಗಿ ಮಂತ್ರಿಗಿರಿ ಬಿಡುವವರು ಅಪರೂಪ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

1989ರಲ್ಲಿ ಸೋತರು, 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. 1994ರ ಡಿಸೆಂಬರ್ 11ರಂದು ಮುಖ್ಯಮಂತ್ರಿಯಾದರು. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ವಿವಾದ ಶಮನವಾದದ್ದು ಅವರ ಕಾಲದಲ್ಲಿ. ಬೆಂಗಳೂರು-ಮೈಸೂರು ರಸ್ತೆ ಕಾರಿಡಾರ್ ಯೋಜನೆಯ ಒಡಂಬಡಿಕೆಗೆ 1995ರಲ್ಲಿ ಸಹಿ ಬಿದ್ದದ್ದೂ ಆಗಲೇ. ರಸ್ತೆಗೆ ಬೇಕಾದುದಕ್ಕಿಂತ ಹೆಚ್ಚು ಭೂಮಿ ರೈತರ ಕೈತಪ್ಪುತ್ತಿದೆ ಎಂದು ಮುಂದೆ ಅದೇ ಯೋಜನೆಯನ್ನು ಅವರು ವರ್ಷಗಟ್ಟಲೆ ವಿರೋಧಿಸಿದರು.

1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಅವರು ಪ್ರಧಾನಿಯಾಗಿದ್ದರು. ಆ ಹುದ್ದೆಗೇರಿದ ಮೊದಲ ಕನ್ನಡಿಗ. ಮುಗಿಯುವ ಹಂತದಲ್ಲಿ ಹಣವಿಲ್ಲದೆ ನಿಂತ ನೀರಾವರಿ ಯೋಜನೆಗಳಿಗೆ ಕೇಂದ್ರದಿಂದ ಸಾಲ ಒದಗಿಸುವ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮ 1996-97ರಲ್ಲಿ ಆರಂಭವಾಯಿತು. ಹೊಸದಕ್ಕೆ ಅಡಿಗಲ್ಲು ಹಾಕುವ ಮುನ್ನ ಹಿಡಿದ ಕೆಲಸ ಮುಗಿಸಬೇಕೆಂಬುದು ಕಾಮಗಾರಿ ಮಾಡಿಸಿ ಬಲ್ಲವರ ವಿವೇಕ.

1999ರಲ್ಲಿ ಜನತಾದಳ ಒಡೆದು ಜಾತ್ಯತೀತ ಜನತಾದಳ ಅವರ ನಾಯಕತ್ವದಲ್ಲಿ ಉಳಿಯಿತು. ಮಕ್ಕಳಾದ ಎಚ್.ಡಿ. ರೇವಣ್ಣ ಸಚಿವರಾದರು, ಎಚ್.ಡಿ. ಕುಮಾರಸ್ವಾಮಿ ಎರಡು ಬಾರಿ ಮುಖ್ಯಮಂತ್ರಿಯಾದರು. ಪಕ್ಷ ಒಂದು ಮನೆತನದ ಸುತ್ತ ಸುತ್ತಿಕೊಂಡಿತೆಂಬ ಟೀಕೆಯನ್ನು ತಳ್ಳಿಹಾಕಲಾಗದು. ನೀರಿನ ಹಟವನ್ನು ಮಾತ್ರ ದೇವೇಗೌಡರು ಬಿಡಲಿಲ್ಲ. ಕಾವೇರಿ ನಿರ್ವಹಣಾ ಮಂಡಳಿಯ ರಚನೆಯನ್ನು ವಿರೋಧಿಸಿ 2016ರ ಅಕ್ಟೋಬರ್ 1ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ವಿಧಾನಸೌಧದ ಗಾಂಧಿ ಪ್ರತಿಮೆಯ ಬಳಿ ಉಪವಾಸ ಕೂತರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಕಾವೇರಿ ಪಾಲಿಗೆ 14.75 ಟಿಎಂಸಿ ಸೇರಿಸಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ.