ಹಾಲಿಗೊಂದು ಅಳತೆ, ಸಾಬೂನಿಗೆ ಅಳತೆಯೇ ಇಲ್ಲವೆ?

ಹಾಲಿನ ಡೇರಿಗೆ ಹಾಲು ಹಾಕುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಾಲು ಎಷ್ಟು ಬೆಳ್ಳಗಿದೆ ಎಂದು ನೋಡಿ ಅಲ್ಲಿ ಹಣ ಕೊಡುವುದಿಲ್ಲ. ಜಿಡ್ಡಿನ ಅಂಶ ಎಷ್ಟು, ಜಿಡ್ಡಲ್ಲದ ಘನಾಂಶ ಎಷ್ಟು ಎಂದು ಪರೀಕ್ಷಿಸಿ ದರ ಕಟ್ಟುತ್ತಾರೆ. ಮಾರುಕಟ್ಟೆಗೆ ಕೊಬ್ಬರಿ ಒಯ್ದರೂ, ಕಡಲೆಕಾಯಿ ಒಯ್ದರೂ ತೇವಾಂಶದ ನೆಪದಲ್ಲಿ ಬೆಲೆ ಮುರಿಯುವುದು ಉಂಟು. ಹೀಗೆ ತಾನು ಮಾರುವ ಪ್ರತಿಯೊಂದು ಪದಾರ್ಥವೂ ಪರೀಕ್ಷೆಗೆ ಒಳಗಾಗುತ್ತದೆ ಎಂದು ಬಲ್ಲ ಅದೇ ರೈತ, ಸಂತೆಯಲ್ಲಿ ಮೈಸೋಪು ಕೊಳ್ಳುವಾಗ ಮಾತ್ರ ಹೊದಿಕೆಯ ಬಣ್ಣ ನೋಡಿ, ಮೂಸಿ ನೋಡಿ, ಅಗ್ಗವೆಂದು ಕಂಡದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಇದು ಸರಿಯಲ್ಲ ಎಂಬುದೇ ಈ ಲೇಖನದ ವಾದ.

ಇತ್ತೀಚೆಗೆ ಗ್ರಾಮ ಸಭೆಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಬೆಳೆಯ ಮಾತು ಮುಗಿದ ಮೇಲೆ ಮಹಿಳೆಯರು ಕೇಳುವ ಪ್ರಶ್ನೆಗಳಲ್ಲಿ ಸಾಬೂನಿನದೂ ಒಂದು. "ಅಗ್ಗದ ಸೋಪಿನಲ್ಲಿ ವಿಷವಿದೆಯಂತೆ, ಹೌದೇ ಸಾರ್?" ಎಂದು ಕೇಳುತ್ತಾರೆ. ಮೊಬೈಲ್ ಫೋನಿನಲ್ಲಿ ಹರಿದಾಡುವ ಸಂದೇಶಗಳು ಈ ಭಯವನ್ನು ಮನೆಮನೆಗೂ ಮುಟ್ಟಿಸಿವೆ. ಪ್ರಶ್ನೆ ಸಹಜವಾದದ್ದೇ. ಆದರೆ ಭಯಪಡಬೇಕಾದದ್ದು ಯಾವುದು, ಭಯಪಡಬೇಕಿಲ್ಲದ್ದು ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಕಾಳನ್ನೂ ಹೊಟ್ಟನ್ನೂ ಒಟ್ಟಿಗೆ ತೂರಿಬಿಟ್ಟರೆ ಪ್ರಯೋಜನವಿಲ್ಲ.

ಮೊದಲು ಸಾಬೂನು ಎಂದರೇನು ಎಂಬುದನ್ನು ತಿಳಿಯೋಣ. ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದ ಜೊತೆ ಸೇರಿಸಿದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಕಾಸ್ಟಿಕ್ ಸೋಡಾ ಚರ್ಮ ಸುಡುವ ವಸ್ತುವೇನೋ ಹೌದು. ಆದರೆ ಸರಿಯಾಗಿ ತಯಾರಾದ ಸಾಬೂನಿನಲ್ಲಿ ಅದು ಎಣ್ಣೆಯೊಡನೆ ಬೆರೆತು ಮಾರ್ಪಟ್ಟಿರುತ್ತದೆ. ತೆಂಗು, ತಾಳೆ, ಹೊಂಗೆ, ಹಿಪ್ಪೆ, ಬೇವು, ಇವೆಲ್ಲ ಸಾಬೂನಿಗೆ ಒದಗುವ ಎಣ್ಣೆಗಳೇ. ಮೈಸೂರು ಸಂಸ್ಥಾನದಲ್ಲಿ ಮೊದಲನೆಯ ಮಹಾಯುದ್ಧದ ಕಾಲಕ್ಕೆ ಶ್ರೀಗಂಧ ಪರದೇಶಕ್ಕೆ ಹೋಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಗೆ ಬುನಾದಿ ಬಿದ್ದಿತು. ನೆಲದ ಬೆಳೆಯೇ ಸಾಬೂನಿನ ತಾಯಿ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಹಾಲಿಗೆ ಜಿಡ್ಡಿನ ಅಂಶವಿದ್ದಂತೆ ಸಾಬೂನಿಗೂ ಒಂದು ಅಳತೆ ಇದೆ. ಅದಕ್ಕೆ ಒಟ್ಟು ಕೊಬ್ಬಿನಂಶ ಎನ್ನುತ್ತಾರೆ. ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಇಂಗ್ಲಿಷಿನಲ್ಲಿ ಮುದ್ರಿಸಿರುತ್ತಾರೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಮೈಸೋಪಿನಲ್ಲಿ ಮೂರು ದರ್ಜೆಗಳಿವೆ. ಒಂದನೆಯ ದರ್ಜೆಯಲ್ಲಿ ಈ ಅಂಶ ಕನಿಷ್ಠ ಶೇ. 76, ಎರಡನೆಯದರಲ್ಲಿ ಶೇ. 70, ಮೂರನೆಯದರಲ್ಲಿ ಶೇ. 60 ಇರಬೇಕು. ಇವಲ್ಲದೆ 'ಬೇದಿಂಗ್ ಬಾರ್' ಎಂಬ ಇನ್ನೊಂದು ಬಗೆಯಿದೆ. ಇದರಲ್ಲಿ ಶೇ. 40 ಇದ್ದರೂ ಸಾಕು. ಸಾಬೂನಿನ ಜೊತೆಗೆ ಕೃತಕ ಮಾರ್ಜಕವನ್ನೂ ಸೇರಿಸಿರುತ್ತಾರೆ. ನೋಡುವುದಕ್ಕೆ ಇವೆರಡೂ ಅಣ್ಣತಮ್ಮಂದಿರಂತೆ ಇರುತ್ತವೆ. ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಕೂತಿರುತ್ತವೆ.

ಕೊಬ್ಬಿನಂಶ ಕಡಿಮೆಯಾದಾಗ ಆ ಜಾಗವನ್ನು ತುಂಬುವುದು ಯಾವುದು? ಬಹುಮಟ್ಟಿಗೆ ನೀರು, ಬಳಪದ ಕಲ್ಲಿನ ನುಣುಪಾದ ಪುಡಿ, ಜೇಡಿ ಮುಂತಾದ ತೂಕದ ವಸ್ತುಗಳು. ಇವು ವಿಷವಲ್ಲ. ಆದರೆ ಎಣ್ಣೆಯ ದುಡ್ಡಿಗೆ ನೀರನ್ನೂ ಕಲ್ಲಿನ ಪುಡಿಯನ್ನೂ ಕೊಂಡಂತಾಗುತ್ತದೆ. ಇಂತಹ ಸೋಪು ಒದ್ದೆಯಲ್ಲಿಟ್ಟರೆ ಬೇಗ ಮೆತ್ತಗಾಗಿ ಕರಗುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ. 100 ಗ್ರಾಂ ತೂಕದ ಒಂದನೆಯ ದರ್ಜೆಯ ಸೋಪಿಗೆ 38 ರೂಪಾಯಿ, ಅಷ್ಟೇ ತೂಕದ ಮೂರನೆಯ ದರ್ಜೆಯದಕ್ಕೆ 33 ರೂಪಾಯಿ ಎಂದಿಟ್ಟುಕೊಳ್ಳಿ. ಐದು ರೂಪಾಯಿ ಉಳಿಯಿತೆಂದು ತೋರುತ್ತದೆ. ಆದರೆ ಮೊದಲನೆಯದರಲ್ಲಿ 76 ಗ್ರಾಂ ಕೊಬ್ಬಿನಂಶ. ಗ್ರಾಮಿಗೆ 50 ಪೈಸೆ ಬಿತ್ತು. ಎರಡನೆಯದರಲ್ಲಿ 60 ಗ್ರಾಂ. ಗ್ರಾಮಿಗೆ 55 ಪೈಸೆ ಬಿತ್ತು. ಅಗ್ಗವೆಂದು ಕೊಂಡದ್ದೇ ತುಟ್ಟಿಯಾಯಿತು. ಇದರ ಜೊತೆಗೆ ತೂಕವನ್ನೂ ಗಮನಿಸತಕ್ಕದ್ದು. ಬೆಲೆ ಏರಿಸದೆ ಬಿಲ್ಲೆಯ ತೂಕವನ್ನು ಇಳಿಸುವ ಪರಿಪಾಠ ಹಲವು ವರ್ಷಗಳಿಂದ ನಡೆದುಬಂದಿದೆ. 'ನಾಲ್ಕು ಕೊಂಡರೆ ಒಂದು ಉಚಿತ' ಎಂಬ ಕಟ್ಟಿನಲ್ಲಿಯೂ ಮೊದಲು ಒಟ್ಟು ತೂಕ ನೋಡಿ.

ಇನ್ನು ಉದ್ದುದ್ದದ ಹೆಸರುಗಳ ಭಯ. ಹೊದಿಕೆಯ ಹಿಂದೆ ಸೋಡಿಯಂ ಪಾಮೇಟ್ ಎಂದಿದ್ದರೆ ಅದು ತಾಳೆ ಎಣ್ಣೆಯ ಸಾಬೂನು. ಸೋಡಿಯಂ ಕ್ಲೋರೈಡ್ ಎಂದಿದ್ದರೆ ನಮ್ಮ ಅಡಿಗೆ ಉಪ್ಪು. ಸೋಡಿಯಂ ಟ್ಯಾಲೋವೇಟ್ ಎಂದರೆ ಪ್ರಾಣಿಯ ಕೊಬ್ಬಿನಿಂದ ಮಾಡಿದ್ದು. ಅದು ಬೇಡವೆನ್ನುವವರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬಹುದು. ಹೆಸರು ಉದ್ದವಾಗಿದ್ದ ಮಾತ್ರಕ್ಕೆ ವಸ್ತು ಕೆಟ್ಟದ್ದಲ್ಲ, 'ಗಿಡಮೂಲಿಕೆ' ಎಂದು ಬರೆದ ಮಾತ್ರಕ್ಕೆ ಒಳ್ಳೆಯದೂ ಅಲ್ಲ.

ಹೆಚ್ಚು ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟಿನ ಬಗ್ಗೆ ಬಹಳ ಮಾತು ಕೇಳಿಬರುತ್ತದೆ. ಸ್ನಾನ ಮಾಡಿ ತೊಳೆದುಕೊಳ್ಳುವ ಪದಾರ್ಥದಲ್ಲಿ ಅದು ವಿಷವಲ್ಲ. ಆದರೆ ಚರ್ಮದ ಜಿಡ್ಡನ್ನು ತೆಗೆದು ಒಣಗಿಸುತ್ತದೆ, ಸೂಕ್ಷ್ಮ ಚರ್ಮದವರಿಗೆ ತುರಿಕೆ ತರಬಹುದು. ಇಂತಹ ಮಾರ್ಜಕಗಳನ್ನು ಬಳಸುವುದಕ್ಕೆ ಕಾರಣವೂ ಇದೆ. ಆಳದ ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಷಿಯಂ ಅಂಶಗಳಿರುತ್ತವೆ. ಅವು ಸಾಬೂನಿನೊಡನೆ ಕೂಡಿ ಬಿಳಿ ಗಸಿಯಾಗಿ ನಿಲ್ಲುತ್ತವೆ, ನೊರೆ ಬರುವುದಿಲ್ಲ. ಕೃತಕ ಮಾರ್ಜಕಕ್ಕೆ ಈ ತೊಂದರೆ ಇಲ್ಲ. ಆದ್ದರಿಂದ ನೊರೆ ಬರಲಿಲ್ಲವೆಂದು ಸೋಪನ್ನು ಬಯ್ಯುವ ಮೊದಲು ನೀರನ್ನು ಗಮನಿಸಬೇಕು. ಮೀಯುವುದಕ್ಕಾದರೂ ಮಳೆನೀರನ್ನು ಹಿಡಿದಿಟ್ಟುಕೊಂಡರೆ ಸೋಪಿನ ಖರ್ಚು ತಾನಾಗಿ ಇಳಿಯುತ್ತದೆ.

ಪೇಟೆಯಿಂದ ಹಳ್ಳಿಗೆ ಬರುತ್ತಿರುವ ಬಾಟಲಿಯ ಶವರ್ ಜೆಲ್ ಬಗ್ಗೆ ಒಂದು ಮಾತು. ಅದರಲ್ಲಿ ಬಹುಪಾಲು ನೀರು, ಉಳಿದದ್ದು ಮಾರ್ಜಕ, ಬಣ್ಣ, ಪರಿಮಳ. ಅನೇಕ ಜೆಲ್‌ಗಳನ್ನು ಗಟ್ಟಿ ಮಾಡಲು ಹಾಕುವುದು ಅಡಿಗೆ ಉಪ್ಪು! ನೀರಿರುವುದರಿಂದ ಕೆಡದಂತೆ ಸಂರಕ್ಷಕಗಳನ್ನು ಹಾಕಲೇಬೇಕಾಗುತ್ತದೆ. ಮಿಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆಂದು ಕಂಡುಬಂದು, ಐರೋಪ್ಯ ಒಕ್ಕೂಟವು ಹಚ್ಚಿ ಹಾಗೆಯೇ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಿದೆ. ತೊಳೆದುಕೊಳ್ಳುವ ಪದಾರ್ಥಗಳಲ್ಲಿ ಬಲು ಅಲ್ಪ ಪ್ರಮಾಣಕ್ಕೆ ಮಿತಿಗೊಳಿಸಿದೆ. ಬಿಲ್ಲೆಯ ಸೋಪಿನಿಂದ ಆಗುವ ಕೆಲಸಕ್ಕೆ ಬಾಟಲಿಯ ನೀರಿಗೆ ಹಣ ಕೊಡುವ ಅಗತ್ಯ ಹಳ್ಳಿಯ ಮನೆಗೆ ಇಲ್ಲ.

'ಕ್ರಿಮಿ ಕೊಲ್ಲುವ' ಸೋಪಿನ ಜಾಹೀರಾತಿಗೂ ಮರುಳಾಗಬೇಡಿ. ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿದಂತೆ 19 ರಾಸಾಯನಿಕಗಳುಳ್ಳ ಗ್ರಾಹಕರ ಸೋಪುಗಳನ್ನು ಮಾರುವಂತಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಸಾದಾ ಸೋಪು ಮತ್ತು ನೀರಿಗಿಂತ ಅವು ಹೆಚ್ಚು ಪರಿಣಾಮಕಾರಿ ಎಂದಾಗಲಿ, ದಿನನಿತ್ಯದ ದೀರ್ಘಕಾಲದ ಬಳಕೆಗೆ ಸುರಕ್ಷಿತವೆಂದಾಗಲಿ ತಯಾರಕರು ತೋರಿಸಿಕೊಟ್ಟಿರಲಿಲ್ಲ. ಔಷಧಿ ಸಿಂಪಡಿಸಿ ಬಂದ ರೈತನಿಗೂ ಬೇಕಾದದ್ದು ಸಾದಾ ಸೋಪು, ಧಾರಾಳ ನೀರು, ಮತ್ತು ತಡಮಾಡದೆ ಮಾಡುವ ಸ್ನಾನ. ಕೀಟನಾಶಕದ ಎಣ್ಣೆಯಂಥ ಪಸೆ ಬರಿ ನೀರಿಗೆ ಹೋಗುವುದಿಲ್ಲ. ಆದರೆ ಖರ್ಚು ಉಳಿಸಲೆಂದು ಬಟ್ಟೆ ಸೋಪಿನಲ್ಲಿ ಮೈ ತೊಳೆಯಬಾರದು. ಅದರಲ್ಲಿನ ಸೋಡಾ ಮೊದಲಾದ ಕ್ಷಾರಗಳು ಬಿಸಿಲಿನಲ್ಲಿ ದುಡಿದು ಒರಟಾದ ಚರ್ಮವನ್ನು ಇನ್ನಷ್ಟು ಬಿರಿಯುವಂತೆ ಮಾಡುತ್ತವೆ. ಹಾಗೆಯೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವ ಬೇವಿನ ಸೋಪು, ಹೊಂಗೆ ಸೋಪುಗಳು ಬೆಳೆಯ ಕೀಟಗಳಿಗಾಗಿಯೇ ಹೊರತು ಮೈಗಲ್ಲ.

ಹಾಗಾದರೆ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟಿಗೆ ಮರಳೋಣವೇ? ಹಿತ್ತಲಲ್ಲಿ ಇರುವವರು ಧಾರಾಳವಾಗಿ ಬಳಸಲಿ. ಆದರೆ ಎಲ್ಲರಿಗೂ ಅದನ್ನೇ ಉಪದೇಶಿಸುವುದು ಕೂಲಿ ಮಾಡಿ ಸಂಜೆ ಮನೆಗೆ ಬರುವ ತಾಯಿಗೆ ಹೊಸ ಹೊರೆ ಹೊರಿಸಿದಂತೆ. ಆಕೆಗೆ ಬೇಕಾದದ್ದು ಕೊಟ್ಟ ದುಡ್ಡಿಗೆ ತಕ್ಕ ಸೋಪು. ಅಗ್ಗದ ಸೋಪು ಕೊಳ್ಳುವವರೆಂದರೆ ಲೆಕ್ಕ ತಿಳಿಯದವರಲ್ಲ. ಕೈಯಲ್ಲಿ ಅಂದಿಗೆ ಅಷ್ಟೇ ಹಣವಿರುವವರು. ಅವರಿಗೆ ಸತ್ಯ ತಿಳಿಸುವ ಹೊಣೆ ಮಾರುವವನದು.

ಇಲ್ಲಿಯೇ ಸರ್ಕಾರದ ಕೆಲಸವಿದೆ. ಪೊಟ್ಟಣದ ಮೇಲಿನ ವಿವರಗಳನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮುದ್ರಿಸಿದರೆ ಸಾಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುತ್ತದೆ. ಉಳಿದ ಭಾಷೆಗಳು ತಯಾರಕರ ಮರ್ಜಿ. ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ ಹಾಡುತ್ತದೆ! ಹಾಡುವುದಕ್ಕೆ ಬರುವ ಕನ್ನಡ ಲೆಕ್ಕ ಒಪ್ಪಿಸುವುದಕ್ಕೆ ಏಕೆ ಬರಬಾರದು? ಒಟ್ಟು ಕೊಬ್ಬಿನಂಶ, ದರ್ಜೆ, ತೂಕ, ಇವು ಹೊದಿಕೆಯ ಮುಂಭಾಗದಲ್ಲಿ, ಕನ್ನಡದಲ್ಲಿ, ಮುದುಕರ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಇರಬೇಕು. ಬೇದಿಂಗ್ ಬಾರ್ ಯಾವುದು, ಸೋಪು ಯಾವುದು ಎಂಬುದೂ ಒಂದೇ ನೋಟಕ್ಕೆ ತಿಳಿಯಬೇಕು.

ಅದು ಆಗುವವರೆಗೆ ನಾವೇ ಮಾಡಬಹುದಾದದ್ದೂ ಉಂಟು. ಓದುವ ಮಕ್ಕಳನ್ನು ಅಂಗಡಿಗೆ ಕರೆದೊಯ್ದು ಹೊದಿಕೆಯ ಹಿಂಭಾಗ ಓದಿಸಿರಿ. ಟಿ.ಎಫ್.ಎಂ. ಎಷ್ಟು, ತೂಕ ಎಷ್ಟು ಎಂದು ಕೇಳಿರಿ. ಮೈಮೇಲೆ ಗಂಧೆ ಎದ್ದರೆ ಆ ಸೋಪನ್ನು ನಿಲ್ಲಿಸಿ, ಹೊದಿಕೆಯನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿರಿ. ತೂಕದಲ್ಲಿ ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಿರಿ. ನಮ್ಮ ಹಾಲಿನಲ್ಲಿ ನೀರಿದೆಯೇ ಎಂದು ದಿನವೂ ಅಳೆಯುವ ಈ ವ್ಯವಸ್ಥೆಯಲ್ಲಿ, ನಾವು ಕೊಳ್ಳುವ ಸೋಪಿನಲ್ಲಿ ಎಣ್ಣೆ ಎಷ್ಟಿದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ, ನ್ಯಾಯ.