ಹೊಲಕ್ಕೆ ಬಂದ ನೀರು ತಾಯಿಯ ತಟ್ಟೆಗೂ ಬರಲಿ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಬಯಲುಸೀಮೆಯ ರೈತ ಮಹಿಳೆಯು ಊಟ ಬಲ್ಲವಳಾದರಷ್ಟೇ ಸಾಲದು. ಯಾವ ತಿಂಗಳಲ್ಲಿ ಆಕೆ ಏನನ್ನು ಉಣ್ಣುವಳೆಂಬುದನ್ನು ನಿರ್ಧರಿಸುವುದು ನೀರು. ಊರಿನ ಹೊಲದಲ್ಲಿ ಕೊಳವೆಬಾವಿ ಕೊರೆಸಲೆಂದು, ಕೃಷಿಹೊಂಡ ತೆಗೆಸಲೆಂದು ಮುಂಬಯಿ, ಪುಣೆ, ಹೈದರಾಬಾದುಗಳಿಂದ ಹಣ ಕಳುಹಿಸುವ ಕನ್ನಡಿಗರು ಕಡಮೆಯಿಲ್ಲ. ಆ ನೀರಿನಿಂದ ಹೊಲ ಹಸುರಾಗುವುದು ನಿಜ. ಮನೆಯ ತಾಯಿಯ ತಟ್ಟೆಯೂ ಹಸುರಾಯಿತೆ ಎಂದು ಕೇಳುವವರು ಮಾತ್ರ ವಿರಳ.

ಕೋಲಾರ, ತುಮಕೂರು ಕಡೆಯ ಮಳೆಯಾಶ್ರಿತ ಗ್ರಾಮವೊಂದರ ವರ್ಷವನ್ನು ಗಮನಿಸಬಹುದು. ಮುಂಗಾರು ಬಿದ್ದೊಡನೆ ಹೊಲದ ಬದುಗಳಲ್ಲಿ ಅಣ್ಣೆ, ಹೊನಗೊನೆ, ಕೀರೆ ಮೊದಲಾದ ಸೊಪ್ಪುಗಳು ತಾವಾಗಿಯೇ ಹುಟ್ಟುತ್ತವೆ. ಕಳೆ ಕೀಳಲು ಹೋದ ಹೆಂಗಸು ಮಡಿಲು ತುಂಬ ಬೆರಕೆ ಸೊಪ್ಪು ತಂದು ಸಾರು ಮಾಡುತ್ತಾಳೆ. ಆದರೆ ಅದೇ ಕಾಲಕ್ಕೆ ಮನೆಯ ದವಸ ಮುಗಿಯುತ್ತ ಬಂದಿರುತ್ತದೆ; ದುಡಿಮೆಯಂತೂ ಅತ್ಯಧಿಕ. ಸುಗ್ಗಿಯ ವೇಳೆಗೆ ರಾಗಿಯೊಡನೆ ಅವರೆ, ಅಲಸಂದೆ, ತೊಗರಿಗಳು ಕೈಗೆ ಬರುವುದರಿಂದ ವರ್ಷದಲ್ಲಿ ನೆಮ್ಮದಿಯಾಗಿ ಉಣ್ಣುವ ಕಾಲ ಅದೊಂದೇ. ಶಿವರಾತ್ರಿ ಕಳೆದರೆ ಸೊಪ್ಪು ಒಣಗುತ್ತದೆ, ತರಕಾರಿಯನ್ನು ಸಂತೆಯಲ್ಲಿ ಕೊಳ್ಳಬೇಕಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುವವಳಿಗೆ ಉಳಿಯುವುದು ಮುದ್ದೆ ಮತ್ತು ತಿಳಿಸಾರು.

ಇದರ ಪರಿಣಾಮ ಅಲ್ಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರ ಪೈಕಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದೆ. 2015–16ರಲ್ಲಿ ಈ ಪ್ರಮಾಣ ಶೇಕಡಾ 44.8 ಇದ್ದಿತು. ಆಹಾರವೊಂದೇ ಇದಕ್ಕೆ ಕಾರಣವಲ್ಲವಾದರೂ ಅದು ಮುಖ್ಯ ಕಾರಣಗಳಲ್ಲೊಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ ಸ್ತ್ರೀಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವಳಿಗೇ ಕಡಮೆ ದೊರೆಯುತ್ತಿರುವುದು ವಿಷಾದಕರ.

ಬೇಸಗೆಯ ಈ ಕೊರತೆಯನ್ನು ತುಂಬಲು ಸಣ್ಣ ನೀರಾವರಿಯೇ ಯೋಗ್ಯ ಸಾಧನ. ರಾಜ್ಯ ಸರಕಾರವು 2014ರಲ್ಲಿ ಆರಂಭಿಸಿದ ಕೃಷಿಭಾಗ್ಯ ಯೋಜನೆಯ ಹೊಂಡಗಳು, ಹೂಳೆತ್ತಿದ ಕೆರೆಗಳು, ಹನಿ ನೀರಾವರಿ ಇವೆಲ್ಲವೂ ಆ ದಿಕ್ಕಿನ ಹೆಜ್ಜೆಗಳೇ ಸರಿ. ಆದರೆ ನೀರು ಬಂದಲ್ಲೆಲ್ಲ ಪೌಷ್ಟಿಕತೆ ತಾನಾಗಿ ಬರುವುದೆಂಬ ನಂಬಿಕೆ ಸರಿಯಲ್ಲ. ನೀರು ಬಂದ ಹೊಲಕ್ಕೆ ಟೊಮೇಟೊ, ಹಿಪ್ಪುನೇರಳೆ ಬಂದವು. ರಾಗಿಯ ನಡುವೆ ಅವರೆ, ಅಲಸಂದೆ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದ ಅಕ್ಕಡಿ ಸಾಲುಗಳು ಮರೆಯಾಗತೊಡಗಿದವು. ಅಕ್ಕಡಿ ಹೆಂಗಸರ ಬೀಜ, ಹೆಂಗಸರ ಬೆಳೆ. ಕಳೆನಾಶಕ ಸಿಂಪಡಿಸಿದೆಡೆ ಬೆರಕೆ ಸೊಪ್ಪೂ ಸತ್ತಿತು. ಬೆಳೆ ಮಂಡಿಗೆ ಹೋಯಿತು, ಹಣ ಗಂಡಸಿನ ಜೇಬಿಗೆ ಬಂದಿತು. ಬೇಸಗೆಯಲ್ಲಿ ಕೊಂಚ ಬಿಡುವಿದ್ದ ಹೆಂಗಸಿಗೆ ಎರಡನೆಯ ಬೆಳೆಯ ನಾಟಿ, ಕಳೆ, ಕೊಯ್ಲುಗಳು ಹೆಚ್ಚಾದವು. ದುಡಿಮೆ ಹೆಚ್ಚಿ ಊಟ ಹಾಗೆಯೇ ಉಳಿದರೆ ಅದು ನಷ್ಟವಲ್ಲದೆ ಲಾಭವಲ್ಲ.

ನೀರು ಹೆಂಗಸರ ಕೈಯಲ್ಲಿದ್ದರೆ ಫಲವೇ ಬೇರೆಯಾಗಬಲ್ಲದು. ದೂರದ ಪಶ್ಚಿಮ ಆಫ್ರಿಕದ ಬೆನಿನ್ ದೇಶದ ಕಲಾಲೆ ಪ್ರದೇಶದಲ್ಲಿ 2007ರಲ್ಲಿ ಮಹಿಳಾ ಸಂಘಗಳಿಗೆ ಸೌರಶಕ್ತಿಯ ಹನಿ ನೀರಾವರಿ ತೋಟಗಳನ್ನು ಒದಗಿಸಲಾಯಿತು. ಬೆಳೆದ ತರಕಾರಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಮನೆಗೆ ಉಳಿಸಿಕೊಂಡು ಮಿಕ್ಕುದನ್ನು ಅವರು ಮಾರಿದರು. ಬಂದ ಹಣದಿಂದ ಬೇಸಗೆಯಲ್ಲಿ ಇತರ ಆಹಾರವನ್ನು ಕೊಂಡರು. ಒಣ ತಿಂಗಳುಗಳಲ್ಲಿಯೂ ತರಕಾರಿಯ ಸೇವನೆ ಹೆಚ್ಚಿತೆಂಬುದು ಅಲ್ಲಿನ ಅಧ್ಯಯನದ ಸಾರ.

ಬಯಲುಸೀಮೆಗೆ ಇದು ಅಸಾಧ್ಯವೇನಲ್ಲ. ಎಕರೆಗೆ ನಲವತ್ತು ಗುಂಟೆ. ಅದರಲ್ಲಿ ಎರಡು ಗುಂಟೆಯನ್ನು ಮನೆಯಾಕೆಯ ಹೆಸರಿಗೆ ಬಿಟ್ಟು, ಮೊದಲ ನೀರು ಅಲ್ಲಿಗೇ ಎಂದು ಗೊತ್ತುಮಾಡಬೇಕು. ದಂಟು, ಮೆಂತ್ಯ, ಬಸಳೆ, ನುಗ್ಗೆ, ಒಂದೆರಡು ನಿಂಬೆ ಮತ್ತು ಪರಂಗಿ ಗಿಡಗಳು ಅಲ್ಲಿರಲಿ. ನಿಂಬೆಯ ರಸ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಡನೆ ಕುಡಿಯುವ ಚಹಾ, ಕಾಫಿ ಅದಕ್ಕೆ ಅಡ್ಡಿ. ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಮಾತ್ರೆಗಳನ್ನು ಸೊಪ್ಪಿನ ಭರವಸೆಯಿಂದ ಬಿಡಬಾರದು. ಹೊಂಡಕ್ಕೆ ಬೇಲಿ ಹಾಕಿಸುವುದನ್ನೂ ಮರೆಯಬಾರದು; ಮಕ್ಕಳ ಪ್ರಾಣಕ್ಕಿಂತ ಬೆಳೆ ದೊಡ್ಡದಲ್ಲ.

ಹಣ ಕಳುಹಿಸುವವನ ಮಾತಿಗೆ ಊರಿನಲ್ಲಿ ಬೆಲೆಯಿರುತ್ತದೆ. ಫೋನಿನಲ್ಲಿ “ಮೋಟರು ಎಷ್ಟು ಇಂಚು ನೀರು ಎತ್ತುತ್ತಿದೆ?” ಎಂದು ಕೇಳುವ ಮಗ “ಅವ್ವಾ, ಇವತ್ತು ನಿನ್ನ ತಟ್ಟೆಯಲ್ಲಿ ಏನಿತ್ತು?” ಎಂದೂ ಕೇಳಲಿ. ಆ ಪ್ರಶ್ನೆಗೆ ಚೈತ್ರ, ವೈಶಾಖಗಳಲ್ಲಿಯೂ ಸಮಾಧಾನದ ಉತ್ತರ ದೊರೆತ ದಿನ ಆತ ಕಳುಹಿಸಿದ ಹಣ ಸಾರ್ಥಕವಾದಂತೆ.